ರಜೆಯ ದಿನ ಪುಣೆ ನೋಡಿರಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪರವೂರಿನ ಗಿರಾಕಿಯೊಬ್ಬರು ಒಮ್ಮೆ ನನ್ನನ್ನು, "ಈ ಊರಲ್ಲಿ ನೋಡತಕ್ಕದ್ದು ಏನಿದೆಯಪ್ಪಾ?" ಎಂದು ಕೇಳಿದರು. ಆರು ವರ್ಷ ಟೇಬಲ್ ಒರೆಸಿದ್ದ ನನಗೆ ಹೋಟೆಲು, ಮಲಗುವ ಅಟ್ಟ, ಸ್ಟೇಷನ್ನು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ರಜೆ ಕೇಳಿದರೆ ಧಣಿಗಳು, "ಹೋಗುವುದೆಲ್ಲಿಗೋ?" ಎನ್ನುತ್ತಿದ್ದರು. ಉತ್ತರವಿರಲಿಲ್ಲ. ವಾರಕ್ಕೊಂದು ರಜೆಯೆಂಬುದು 1948ರ ಮುಂಬಯಿ ಅಂಗಡಿ ಕಾಯಿದೆಯಲ್ಲೇ ಇತ್ತು; 2017ರ ಕಾಯಿದೆ ಅನ್ವಯಿಸುವ ಕಡೆ ಅದರಲ್ಲೂ ಇದೆ. ಕೇಳಿ ಪಡೆಯಿರಿ.

ಶನಿವಾರವಾಡೆಯನ್ನು ಎಲ್ಲರೂ ಹೇಳುತ್ತಾರೆ. ಒಳಗಿನ ಅರಮನೆ 1828ರ ಬೆಂಕಿಗೆ ಹೋಯಿತು. ಕೋಟೆ, ಹೆಬ್ಬಾಗಿಲು ಉಳಿದಿವೆ. ನಾನಾದರೋ ಮೊದಲು ಗಂಜಪೇಟೆಯ ಫುಲೆವಾಡೆಗೆ ಕಳಿಸುತ್ತೇನೆ. 1848ರಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜೋತಿರಾವ್, ಸಾವಿತ್ರಿಬಾಯಿ ದಂಪತಿಗಳ ಮನೆ ಅದು. ಮನೆಯ ಬಾವಿಯನ್ನು ಅವರು 1868ರಲ್ಲಿ ಅಸ್ಪೃಶ್ಯರೆನಿಸಿದವರಿಗೆ ಬಿಟ್ಟುಕೊಟ್ಟರು. ಬಂದವರಿಗೆಲ್ಲ ಮೊದಲು ನೀರು ಇಡುವ ನಾವು ಆ ಅಂಗಳ ನೋಡಬೇಡವೇ?

ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವವಿದೆ. ಅವರು ಕುಂದಗೋಳದವರು, 1953ರಲ್ಲಿ ಅದನ್ನು ಆರಂಭಿಸಿದ ಭೀಮಸೇನ ಜೋಶಿಯವರು ಗದುಗಿನವರು. ಅಲ್ಲಿ ನಾವು ಪರಕೀಯರಲ್ಲ.

ತಿನ್ನಲು ಇಡ್ಲಿ ಹುಡುಕಬೇಡಿ, ಅದು ನಾವೇ ಬೇಯಿಸಿದ್ದು! ಮಿಸಳ್ ತಿನ್ನಿ, ಆದರೆ ಕುಳಿತು ತಿನ್ನಿ. ನೀರು ತಂದಿಟ್ಟ ಹುಡುಗನನ್ನು, ನಿನ್ನ ರಜೆ ಯಾವ ವಾರವೆಂದು ಕೇಳಿ ಬನ್ನಿರಿ.