ರೋಗದ ಹುಳ ಆರಿಸಿದ ಹಾಗೆ



ನಮ್ಮ ವಿಜಯಪುರದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ. ನಿಮ್ಮಲ್ಲಿ ಎಷ್ಟೋ ಜನ ಹುಳ ಸಾಕಿದವರು. ಹುಳಕ್ಕೆ ಹಾಲುರೋಗ ಬಂದರೆ ಏನು ಮಾಡ್ತೀರಿ? ಊದಿದ ಹುಳ ಆರಿಸಿ ತೆಗೀತೀರಿ. ಇಲ್ಲದಿದ್ದರೆ ಅದು ಒಡೆದು, ಹಾಲು ಸೋರಿ, ಪಕ್ಕದ ಹುಳಕ್ಕೂ ಅಂಟುತ್ತೆ. ಆ ರೋಗ ತರೋದು ವೈರಸ್ ಎಂಬ ರೋಗಾಣು. ಕಣ್ಣಿಗೆ ಕಾಣೊಲ್ಲ.

ನಮ್ಮ ಮೈಯೊಳಗೂ ಇಂಥದೇ ಕೆಲಸ ನಡೀತದೆ.

ಹೆಪಟೈಟಿಸ್ ಸಿ ಅಂತ ಒಂದು ಕಾಯಿಲೆ. ಅದರ ವೈರಸ್ಸನ್ನು ವಿಜ್ಞಾನಿಗಳು 1989ರಲ್ಲಿ ಗುರುತಿಸಿದರು. ಇದು ರಕ್ತದಿಂದ ರಕ್ತಕ್ಕೆ ಹೋಗುತ್ತೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಬರಬಹುದು. ಹಚ್ಚೆ ಸೂಜಿಯಿಂದಲೂ ಬರಬಹುದು. ಲಿವರ್‌ನ ಜೀವಕೋಶದೊಳಗೆ ಹೊಕ್ಕು ಅಲ್ಲೇ ಹೆಚ್ಚುತ್ತೆ.

ರಕ್ತದಲ್ಲಿ ಟಿ ಕೋಶ ಎಂಬ ಬಿಳಿ ಕೋಶಗಳಿವೆ. ಕೆಲವು ಮೇಸ್ತ್ರಿ ಇದ್ದ ಹಾಗೆ. ಉಳಿದವನ್ನು ಕೆಲಸಕ್ಕೆ ಹಚ್ಚುತ್ತವೆ. ಇನ್ನು ಕೆಲವು, ವೈರಸ್ ಹೊಕ್ಕ ಕೋಶವನ್ನೇ ಹುಡುಕಿ ಕೊಲ್ಲುತ್ತವೆ. ನೀವು ಹುಳ ಆರಿಸಿದ ಹಾಗೇ! 100 ಜನರಲ್ಲಿ ಸುಮಾರು 30 ಜನಕ್ಕೆ ಔಷಧ ಇಲ್ಲದೆ, 6 ತಿಂಗಳೊಳಗೆ ವೈರಸ್ ಹೋಗಿಬಿಡುತ್ತೆ.

ಉಳಿದವರಿಗೆ? ವೈರಸ್ ವೇಷ ಬದಲಿಸುತ್ತೆ. ಟಿ ಕೋಶಕ್ಕೆ ಗುರುತು ಸಿಗೊಲ್ಲ. ಕಾದಾಡಿ ಕಾದಾಡಿ ಅವೂ ಸೋಲುತ್ತವೆ. ಈ ಜಗಳದಲ್ಲಿ ವರ್ಷಗಟ್ಟಲೆ ಗಾಯವಾಗಿ ಲಿವರ್ ಗಟ್ಟಿಯಾಗುತ್ತೆ. ಬಹಳ ಜನಕ್ಕೆ ನೋವೂ ಇಲ್ಲ, ಕಾಮಾಲೆಯೂ ಇಲ್ಲ. ಅದೇ ಮೋಸ.

ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ಅಕ್ಕ ಒಂದು ಚೀಟಿ ತಂದರು. ರಕ್ತ ಪರೀಕ್ಷೆಯ ಚೀಟಿ. ಪಾಸಿಟಿವ್ ಅಂತ ಇತ್ತು. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಮಾಡಿದ್ದರು. ಮೊಮ್ಮಗೂನ ಎತ್ತಿಕೊಳ್ಳೋಕೂ ಬಿಡುತ್ತಿರಲಿಲ್ಲ. ಕೇಳಿ ನನಗೆ ಸಿಟ್ಟೇ ಬಂತು. ಜೊತೆಗೆ ಉಂಡರೆ, ಮಗು ಎತ್ತಿಕೊಂಡರೆ ಇದು ಅಂಟೊಲ್ಲ ಕಣ್ರೀ!

ಆ ಚೀಟಿ ಹೇಳಿದ್ದು ಇಷ್ಟೆ. ಎಂದೋ ವೈರಸ್ ಮೈಗೆ ಬಂದಿತ್ತು. ಅದರ ಗುರುತಾಗಿ ರಕ್ತದಲ್ಲಿ ಪ್ರತಿಕಾಯ ಉಳಿದಿದೆ. ಈಗಲೂ ವೈರಸ್ ಇದೆಯಾ? ಅದನ್ನು ಹೇಳೋದು ಆರ್‌ಎನ್‌ಎ ಪರೀಕ್ಷೆ. ಮಾಡಿಸಿದರು. ವೈರಸ್ ಇರಲಿಲ್ಲ. ಅವರು ಮಾತ್ರೆ ತಿಂದವರೇ ಅಲ್ಲ. ಮೈಯೇ ಓಡಿಸಿತ್ತು.

ಇದ್ದಿದ್ದರೂ ದಾರಿ ಇತ್ತು. ಸಾಮಾನ್ಯವಾಗಿ 12 ವಾರ ಮಾತ್ರೆ ತಿಂದರೆ 100ಕ್ಕೆ 95 ಜನ ಗುಣವಾಗ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇದಕ್ಕೂ ಸೇರಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ.

ಲಸಿಕೆ ಮಾತ್ರ ಇಲ್ಲ. ಒಮ್ಮೆ ವಾಸಿಯಾದವರಿಗೂ ಮತ್ತೆ ಬರಬಹುದು. ಸೂಜಿ ಹಾಕಿಸಿಕೊಳ್ಳುವಾಗ ನೋಡಿ. ಹೊಸ ಸಿರಿಂಜನ್ನು ನಿಮ್ಮೆದುರಿಗೇ ಬಿಚ್ಚಬೇಕು. ಬಿಚ್ಚದಿದ್ದರೆ ಬಾಯಿಬಿಟ್ಟು ಕೇಳಿ. ಡಾಕ್ಟರು ಬೈದುಕೊಂಡರೆ ಬೈದುಕೊಳ್ಳಲಿ.