ಮಾಡದೆ ತಗಲುವ ಮಾಟ

(ಬೊಮ್ಮಸಂದ್ರದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಹೊಸ ಲಾರಿ ನಿಂತಿತ್ತು. ಗಾಲಿಗಳ ಕೆಳಗೆ ಒಂದೊಂದು ನಿಂಬೆಹಣ್ಣು, ಮುಂಭಾಗದಲ್ಲಿ ಮೆಣಸಿನಕಾಯಿಯ ಸರ, ಹಿಂಭಾಗದಲ್ಲಿ ಒಂದು ಹಳೆಯ ಚಪ್ಪಲಿ. ಡ್ರೈವರ್ ನಮ್ಮನ್ನು ಕಂಡು ಓಡಿಬಂದು ನಮಸ್ಕರಿಸಿ, "ಬುದ್ಧಿ, ತಾವೂ ಒಂದು ಸಲ ಮುಟ್ಟಬೇಕು, ಯಾರ ಕಣ್ಣೂ ಬೀಳಬಾರದು" ಎಂದನು. ಮುಟ್ಟಿದೆವು. ಮುಟ್ಟಿದ ಮೇಲೆ, "ಬ್ರೇಕು ನೋಡಿದ್ದೀಯೇನಪ್ಪಾ?" ಎಂದು ಕೇಳಿದೆವು. "ಕಂಪನಿಯವರು ನೋಡಿರುತ್ತಾರೆ ಬುದ್ಧಿ" ಎಂದನು. ನಿಂಬೆಹಣ್ಣನ್ನು ತಾನೇ ಆರಿಸಿ ತಂದವನು ಬ್ರೇಕನ್ನು ಬೇರೆಯವರ ಮೇಲೆ ಬಿಟ್ಟಿದ್ದನು.

ಇದು ನಕ್ಕು ಬಿಡುವ ಮಾತಲ್ಲ. ಬೊಮ್ಮಸಂದ್ರವೆಂದರೆ ಈಗ ಯಂತ್ರಗಳ ಊರು. ನಮ್ಮಲ್ಲಿಯ ಹಿರಿಯರು ರಾಗಿಯ ಹೊಲಗಳನ್ನು ಕಂಡ ಜಾಗದಲ್ಲಿ ಕಾರ್ಖಾನೆಗಳು ಎದ್ದಿವೆ. ಹೃದಯವನ್ನು ತೆರೆದು ಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆ ಇದೆ. 2025ರ ಆಗಸ್ಟ್‌ನಿಂದ ಮೆಟ್ರೋ ರೈಲೂ ಇಲ್ಲಿಯವರೆಗೆ ಬರುತ್ತಿದೆ. ಯಂತ್ರ ಬಂದರೆ ಭಯ ಹೋದೀತು ಎಂದು ಕೆಲವರು ಎಣಿಸಿದ್ದರು. ಹೋಗಲಿಲ್ಲ. ಕಟ್ಟುತ್ತಿರುವ ಕಟ್ಟಡಕ್ಕೆ ದೃಷ್ಟಿಬೊಂಬೆ, ಕಂಪ್ಯೂಟರಿಗೆ ಕುಂಕುಮ, ಮಗುವಿನ ಫೋಟೋ ಮೊಬೈಲಿನಲ್ಲಿ ಹಾಕಿದರೆ ದೃಷ್ಟಿಯಾದೀತೆಂಬ ಅಂಜಿಕೆ. ಇವು ಯಾವ ಹಳೆಯ ಕಾಲದವೂ ಅಲ್ಲ, ನಿನ್ನೆ ಮೊನ್ನೆಯವು.

ಮಾಟದಲ್ಲಿ ಎರಡು ಬಗೆ ಉಂಟು. ಒಂದು, ಹಗೆ ಇಟ್ಟುಕೊಂಡು ಬೇಕೆಂದೇ ಮಾಡಿಸುವುದು. ಮೂರು ದಾರಿ ಕೂಡುವಲ್ಲಿ ಮೊಟ್ಟೆ, ಕುಂಕುಮ, ಗೊಂಬೆ ಇಡುವುದು ಈ ಜಾತಿಗೆ ಸೇರಿದ್ದು. ಇಂಥವುಗಳ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯಿದೆಯಾಗಿ 2020ರಲ್ಲಿ ಜಾರಿಗೆ ಬಂದಿದೆ. ಏಳು ವರ್ಷಗಳವರೆಗೆ ಸೆರೆವಾಸವನ್ನು ಅದರಲ್ಲಿ ಹೇಳಿದೆ. ಅದು ಪೊಲೀಸರ, ನ್ಯಾಯಾಲಯಗಳ ಕೆಲಸ. ಅದರ ಮಾತು ಇವತ್ತು ಬೇಡ. ಎರಡನೆಯದು, ಯಾರೂ ಮಾಡದೆ ತಗಲುವ ಮಾಟ. ಕಣ್ಣು ಬಿತ್ತು, ಬಾಯಿ ತಾಗಿತು, ಎದುರಿಗೆ ಬಂದಳು, ಕಾಲ್ಗುಣ ಸರಿಯಿಲ್ಲ ಎನ್ನುತ್ತೇವಲ್ಲ, ಅದು. ಇಲ್ಲಿ ಮಾಟಗಾರನೆನ್ನಿಸಿಕೊಂಡವನಿಗೆ ತಾನು ಮಾಡಿದ್ದೇ ಗೊತ್ತಿರುವುದಿಲ್ಲ. ಹಗೆ ಇಲ್ಲ, ಮಂತ್ರ ಇಲ್ಲ, ಸುಮ್ಮನೆ ನೋಡಿದ್ದೇ ಅಪರಾಧ. ನಮ್ಮ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಇದೇ ಹೆಚ್ಚು ಕ್ರೂರವಾದುದು. ಏಕೆಂದರೆ ಮಾಡಿದವನು ಮಾಡಿಲ್ಲವೆಂದು ಆಣೆ ಇಡಬಹುದು. ಮಾಡದವನು ಏನೆಂದು ಆಣೆ ಇಡಬೇಕು?

ಇದು ನಮ್ಮ ದೇಶದ್ದು ಮಾತ್ರ ಎಂದು ತಿಳಿಯಬೇಡಿ. ಆಫ್ರಿಕಾ ಖಂಡದಲ್ಲಿ ಅಜಾಂಡೆ ಎಂಬ ಜನ ಇದ್ದಾರೆ. ಅವರ ನಡುವೆ ಇದ್ದು ಅಭ್ಯಾಸ ಮಾಡಿದ ಇವಾನ್ಸ್ ಪ್ರಿಚರ್ಡ್ ಎಂಬ ಇಂಗ್ಲಿಷ್ ವಿದ್ವಾಂಸನು 1937ರಲ್ಲಿ ಒಂದು ಗ್ರಂಥ ಪ್ರಕಟಿಸಿದನು. ಧಾನ್ಯದ ಕಣಜದ ನೆರಳಿನಲ್ಲಿ ಜನ ಕುಳಿತಿರುತ್ತಾರೆ, ಕಣಜ ಕುಸಿದು ಅವರ ಮೇಲೆ ಬೀಳುತ್ತದೆ. ಕಂಬವನ್ನು ಗೆದ್ದಲು ತಿಂದಿತ್ತೆಂಬುದು ಆ ಜನರಿಗೂ ಚೆನ್ನಾಗಿ ಗೊತ್ತು. ಆದರೆ ಇವರೇ ಕುಳಿತಿರುವಾಗ, ಇದೇ ಗಳಿಗೆಯಲ್ಲಿ ಏಕೆ ಬಿತ್ತು? ಅದಕ್ಕೆ ಉತ್ತರವಾಗಿ ಅವರು ಯಾರದೋ ಹೊಟ್ಟೆಯೊಳಗಿನ ಮಾಟವನ್ನು ಹೇಳುತ್ತಾರೆ. ಅದು ಅವನಿಗೇ ತಿಳಿಯದೆ ಕೆಲಸ ಮಾಡೀತು ಎನ್ನುತ್ತಾರೆ. ಆದರೆ ಅವರಲ್ಲಿ ಒಂದು ಒಳ್ಳೆಯ ರೂಢಿಯೂ ಇತ್ತು. ಆರೋಪ ಬಂದವನ ಮುಂದೆ ಕೋಳಿಯ ರೆಕ್ಕೆಯನ್ನು ಇಡುವರು. ಅವನು ಬಾಯಲ್ಲಿ ನೀರು ತುಂಬಿ ಅದರ ಮೇಲೆ ಊದಿ, ನನಗೆ ಇದೊಂದೂ ತಿಳಿಯದು, ಅವನು ಗುಣವಾಗಲಿ ಎಂದು ಹೇಳಿದರೆ ಸಾಮಾನ್ಯವಾಗಿ ಅಲ್ಲಿಗೆ ತಣ್ಣಗಾಗುವುದು. ನಮ್ಮ ಓಣಿಗಳಲ್ಲಿ ಅಷ್ಟು ಸೌಜನ್ಯವೂ ಇಲ್ಲ. ನಾವು ಮುಖದ ಮೇಲೆ ಹೇಳುವುದೂ ಇಲ್ಲ, ಬಿಡುವುದೂ ಇಲ್ಲ.

ಇಲ್ಲೇ ನೆರೆಯ ಹುಸ್ಕೂರಿಗೆ ಬನ್ನಿ. ಮದ್ದೂರಮ್ಮನ ಜಾತ್ರೆಗೆ ಸುತ್ತಲ ಊರಿನವರು ನೂರು ಅಡಿಗೂ ಎತ್ತರದ ಕುರ್ಜುಗಳನ್ನು, ಅಂದರೆ ತೇರುಗಳನ್ನು, ಕಟ್ಟಿ ಎಳೆದು ತರುವುದನ್ನು ನೀವೆಲ್ಲ ಬಲ್ಲಿರಿ. 2024ರ ಏಪ್ರಿಲ್‌ನಲ್ಲಿ ಒಂದು ತೇರು ಎಳೆಯುವಾಗ ಹತೋಟಿ ತಪ್ಪಿ ಬಿತ್ತು. 2025ರ ಮಾರ್ಚ್ 22ರಂದು ಬಿರುಗಾಳಿ ಮಳೆಗೆ ಸಿಕ್ಕಿ ಎರಡು ತೇರು ಬಿದ್ದುವು, ಜೀವಹಾನಿಯೂ ಆಯಿತು. ಆ ಮನೆಯವರ ದುಃಖ ದೊಡ್ಡದು. ಅದಾದ ವಾರದಲ್ಲಿ ನಮ್ಮಲ್ಲಿಗೆ ಬಂದ ಭಕ್ತರು ಏನೇನು ಹೇಳಿದರೆಂದರೆ, ಅಪಶಕುನ, ಊರಿಗೆ ಕೇಡು, ಮೈಲಿಗೆಯವರು ಯಾರೋ ಹಗ್ಗ ಮುಟ್ಟಿರಬೇಕು! ಈ ಕಡೆಯ ಮಾತನ್ನು ಕೇಳಿ ನಮಗೆ ಬಹಳ ಸಂಕಟವಾಯಿತು. ಹಗ್ಗ ಹಿಡಿದ ಸಾವಿರ ಕೈಗಳಲ್ಲಿ ಒಂದು ಕೈಯನ್ನು ಹುಡುಕಲು ಹೊರಟಿದ್ದರು.

ಗಾಳಿಯ ಮಾತು ಏನು? ಮಾರ್ಚಿನಿಂದ ಮೇ ತನಕ ನೆಲ ಕಾದು ಬಿಸಿಗಾಳಿ ಮೇಲೇರಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಮಳೆ ಸುರಿಯಲು ತೊಡಗಿದಾಗ ತಣ್ಣನೆಯ ಗಾಳಿ ಮೋಡದಿಂದ ಕೆಳಕ್ಕೆ ನುಗ್ಗಿ ನೆಲಕ್ಕೆ ತಾಗಿ ನಾಲ್ಕು ದಿಕ್ಕಿಗೂ ಹರಿಯುತ್ತದೆ. ಮಳೆಗೆ ಮುಂಚೆ ಒಮ್ಮೆಲೇ ತಂಪು ಗಾಳಿ ಬೀಸಿ ಧೂಳು ಏಳುವುದನ್ನು ಯಾರು ಕಂಡಿಲ್ಲ? ನೂರು ಅಡಿ ಎತ್ತರದ, ಬಟ್ಟೆ ಸುತ್ತಿದ ತೇರಿಗೆ ಆ ಗಾಳಿ ಹಡಗಿನ ಪಟಕ್ಕೆ ಬಡಿದಂತೆ ಬಡಿಯುತ್ತದೆ. ನಿಜವಾದ ಶಕುನ ಆ ತಂಪು ಗಾಳಿಯೇ. ಅದನ್ನು ನೋಡಿ ಜನರನ್ನು ದೂರ ಸರಿಸಬೇಕಾಗಿತ್ತು.

ಹಾಗಾಗಿ ನಾವು ಶಕುನವೆಲ್ಲ ಸುಳ್ಳು ಎಂದು ಹೇಳುವವರಲ್ಲ. ನಮ್ಮ ರೈತರು ಮಳೆಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಹೆಸರಿಟ್ಟರು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುವ ಲೆಕ್ಕ ಅದು, ತಪ್ಪದ ಪಂಚಾಂಗ. ಚಂದ್ರನ ಸುತ್ತ ಬಳೆ ಕಂಡರೆ ಮಳೆ ಎಂದರು. ಎತ್ತರದ ತೆಳುಮೋಡದಲ್ಲಿ ಮಂಜಿನ ಹರಳು ಇದ್ದರೆ ಆ ಬಳೆ ಕಾಣುತ್ತದೆ. ಅಂಥ ಮೋಡದ ಹಿಂದೆ ಕೆಲವು ಸಲ ಮಳೆಯೂ ಬರುತ್ತದೆ, ಯಾವಾಗಲೂ ಅಲ್ಲ. ಇದು ನೋಡಿ ಕಲಿತ ವಿದ್ಯೆ. ಆಕಾಶ ನೋಡಿ ಬಿತ್ತನೆಗೆ ಹೊರಟರೆ ಶಕುನ ಸಾರ್ಥಕ. ಆಕಾಶ ನೋಡಿ ಮನುಷ್ಯನತ್ತ ಬೆರಳು ತೋರಿದರೆ ಅಲ್ಲಿಂದ ಕೇಡು ಶುರು. ಮಧ್ಯ ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಮಳೆ ಹೋದರೆ, ತೊನ್ನು ಇದ್ದು ಸತ್ತವರನ್ನು ಹೂಳಿದ್ದರಿಂದಲೇ ಹೋಯಿತೆಂದು ಹೆಣವನ್ನು ಅಗೆದು ತೆಗೆದು ಸುಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ತೊನ್ನು ಅಂಟುರೋಗವಲ್ಲ, ಚರ್ಮದ ಬಣ್ಣ ಹೋಗುವುದಷ್ಟೇ. ಬದುಕಿರುವಾಗ ಪಂಕ್ತಿಯಿಂದ ಎಬ್ಬಿಸಿದ್ದು ಸಾಲದೆ, ಸತ್ತ ಮೇಲೆ ಮಣ್ಣಿನಿಂದಲೂ ಎಬ್ಬಿಸಿದರು. ಆ ಸತ್ತವನು ಮೋಡಕ್ಕೆ ಏನು ಮಾಡಿದ್ದನು?

ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿ ಜನನ, ಮರಣ, ರಜಸ್ಸು, ಜಾತಿ, ಉಚ್ಛಿಷ್ಟ ಎಂಬ ಐದು ಸೂತಕಗಳನ್ನೂ ತೆಗೆದುಹಾಕಿದರು. ಗಳಿಗೆ ಮುಹೂರ್ತಗಳನ್ನು ಬದಿಗಿಟ್ಟರು. ಇದು ಬರಿಯ ತತ್ತ್ವವೆಂದು ನಾವು ಓದುತ್ತೇವೆ. ಅದು ತತ್ತ್ವವಾಗಿದ್ದಷ್ಟೇ ದಯೆಯೂ ಆಗಿತ್ತು. ಸೂತಕವಿಲ್ಲವೆಂದ ಮೇಲೆ ಗಂಡ ಸತ್ತ ತಾಯಿ ಅಪಶಕುನವಾಗುವುದು ಹೇಗೆ? ಕೊರಳಲ್ಲಿ ಇಷ್ಟಲಿಂಗವಿರುವವಳು ಎದುರಿಗೆ ಬಂದರೆ ಲಿಂಗವೇ ಬಂದಂತಲ್ಲವೇ? ಆದರೂ ನಮ್ಮ ಮನೆಗಳ ಮದುವೆಗಳಲ್ಲೇ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಾಳೆ. ನಮ್ಮ ಮಠಗಳೂ ಇದರಿಂದ ಪೂರಾ ಹೊರತಲ್ಲ. ತಾಯತ ಕೊಟ್ಟು ಕಳಿಸುವುದು ಸುಲಭ, ಮಾತು ಹೇಳುವುದು ಕಷ್ಟ.

ಆಯುಧಪೂಜೆ ಹತ್ತಿರ ಬರುತ್ತಿದೆ. ಕಾರ್ಖಾನೆಯ ಮುಂದೆ, ರಸ್ತೆಯ ನಡುವೆ ಬೂದುಗುಂಬಳಕಾಯಿ ಒಡೆಯುತ್ತೀರಿ. ಆ ತಿರುಳಿನ ಮೇಲೆ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗನ ಸ್ಕೂಟರ್ ಜಾರುತ್ತದೆ. ನಿಮಗೆ ಅವನ ಮೇಲೆ ಹಗೆ ಇತ್ತೇ? ಇಲ್ಲ. ಅವನ ಹೆಸರೂ ಗೊತ್ತಿಲ್ಲ. ನಾವು ಕಂಡಂತೆ, ಬೇಕೆಂದು ಮಾಡದೆ ತಗಲುವ ಮಾಟ ನಿಜವಾಗಿ ಇರುವುದಾದರೆ ಇದೇ. ಒಡೆಯಲೇಬೇಕಾದರೆ ಗೇಟಿನ ಒಳಗೆ, ಮೂಲೆಯಲ್ಲಿ ಒಡೆಯಿರಿ, ಒಡೆದವರೇ ಗುಡಿಸಿರಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇವೆ. ಈ ಭಾಗದಲ್ಲೇ ಚಿಕ್ಕ ವರ್ಕ್‌ಶಾಪು ಇಟ್ಟುಕೊಂಡ ಒಂದು ಮನೆತನ. ಹೆಸರು ಬೇಡ. ಮಗನ ಮದುವೆಯಾಗಿ ಎರಡು ತಿಂಗಳಿಗೆ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಅವನ ಎರಡು ಬೆರಳು ಹೋದುವು. ಹಿಂದಿನ ದಿನ ಸೊಸೆ ಊಟದ ಬುತ್ತಿ ಕೊಡಲು ಅಲ್ಲಿಗೆ ಹೋಗಿದ್ದಳಂತೆ, "ಎಷ್ಟು ಬೇಗ ಕೆಲಸ ಮಾಡ್ತಾರೆ" ಎಂದಿದ್ದಳಂತೆ. ಅಷ್ಟೇ. ಕಣ್ಣೂ ಅವಳದೇ, ಬಾಯಿಯೂ ಅವಳದೇ, ಕಾಲ್ಗುಣವೂ ಅವಳದೇ ಆಯಿತು. ಮೂವರೂ ನಮ್ಮಲ್ಲಿಗೆ ಬಂದರು. ಅತ್ತೆ ತಾಯತ ಕೇಳಿದರು. ಹುಡುಗಿ ತಲೆ ಎತ್ತಲಿಲ್ಲ. ಅದೂ ಸಾಲದೆಂಬಂತೆ, ತಾನೇ ಏನೋ ಮಾಡಿರಬೇಕೆಂದು ಅವಳೇ ನಂಬಿಬಿಟ್ಟಿದ್ದಳು! "ನಾನು ಹಾಗನ್ನಬಾರದಿತ್ತು ಬುದ್ಧಿ" ಎಂದು ಅತ್ತಳು.

ನಾವು ಹುಡುಗನನ್ನು ಕೇಳಿದೆವು, ಮೆಷಿನ್ನಿಗೆ ಕೈ ಹೋಗದಂತೆ ಗಾರ್ಡ್ ಇರುತ್ತದಲ್ಲ, ಅದು ಏನಾಯಿತು? ಅವನು ತಂದೆಯ ಕಾಲದಲ್ಲೇ ಬಿಚ್ಚಿದ್ದಾರೆ ಎಂದನು; ಇದ್ದರೆ ಗಂಟೆಗೆ ಪೀಸು ಕಡಿಮೆ ಬೀಳುತ್ತದಂತೆ. ಗಾರ್ಡ್ ಇದ್ದ ಜಾಗದಲ್ಲಿ ಈಗ ಏನಿದೆ ಎಂದೆವು. ಬಹಳ ಹೊತ್ತು ಸುಮ್ಮನಿದ್ದು, "ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದೀವಿ ಬುದ್ಧಿ" ಎಂದನು.

ತಾಯತ ಕೊಡಲಿಲ್ಲ. ಗಾರ್ಡ್ ಹಾಕಿಸಿ ಬನ್ನಿ ಎಂದೆವು. ಮೂರು ತಿಂಗಳಿಗೆ ಹಾಕಿಸಿ ಬಂದರು. ನಿಂಬೆಹಣ್ಣನ್ನೂ ತೆಗೆದಿಲ್ಲ ಎಂದು ಅತ್ತೆ ಅಂಜುತ್ತ ಹೇಳಿದರು. ಇರಲಿ ಬಿಡಿ ತಾಯಿ, ಅದು ಯಾರ ಕೈಯನ್ನೂ ಕಚ್ಚುವುದಿಲ್ಲ ಎಂದೆವು. "ಸೊಸೆ ವರ್ಕ್‌ಶಾಪಿಗೆ ಹೋಗುತ್ತಾಳೋ?" ಎಂದು ಕೇಳಿದೆವು. ಇಲ್ಲ, ಅವತ್ತಿನಿಂದ ಹೋಗಿಲ್ಲ. "ಈ ಸಲ ಆಯುಧಪೂಜೆಗೆ ಆ ಮೆಷಿನ್ನಿಗೆ ಆರತಿ ಎತ್ತುವವರು ಯಾರು?" ಎಂದೆವು. ಅತ್ತೆ ಸೊಸೆಯ ಕಡೆ ಒಮ್ಮೆ ನೋಡಿದರು, ಏನೂ ಹೇಳಲಿಲ್ಲ. ಅವರು ಈ ಸಭೆಯಲ್ಲಿ ಇದ್ದರೂ ಇರಬಹುದು. ಉತ್ತರಕ್ಕೆ ನಾವು ಕಾದಿದ್ದೇವೆ.

ಹೊರಗೆ ತಂಪು ಗಾಳಿ ಎದ್ದಿದೆ, ಉತ್ತರೆ ಮಳೆ ಬರುವ ಹಾಗಿದೆ. ಎರಡು ಚಕ್ರದ ಗಾಡಿಯಲ್ಲಿ ದೂರ ಹೋಗುವವರು ಮೊದಲು ಪ್ರಸಾದ ಸ್ವೀಕರಿಸಿ ಹೊರಡಿರಿ.