ಸಕ್ಕರೆ ಕಾಯಿಲೆ: ವಂಶದ ಪಾಲೆಷ್ಟು?

(ಆದವಾನಿ ಭಾಗದ ಬೆಳೆಗಾರ ಸದಸ್ಯರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಸಕ್ಕರೆ ಕಾರ್ಖಾನೆಯವನೇ ಸಕ್ಕರೆ ಕಾಯಿಲೆಯ ಮಾತೆತ್ತಿದರೆ ನಿಮಗೆ ನಗು ಬಂದೀತು. ಆದರೆ ಹೊಲಕ್ಕೆ ಬಂದಾಗಲೆಲ್ಲ ನೀವೇ ಕೇಳುತ್ತೀರಿ: "ನಮ್ಮಪ್ಪಗೆ ಇತ್ತು, ನನಗೂ ಬಂದೇ ಬರುತ್ತದೇನ್ರಿ?"

ನಿಮ್ಮ ಕಬ್ಬನ್ನೇ ನೋಡಿ. ಕೋ 86032 ತಳಿಯ ಬಿತ್ತನೆ ತುಂಡುಗಳೆಲ್ಲ ಗುಣದಲ್ಲಿ ಒಂದೇ. ಆದರೂ ಕಾಲುವೆಯ ಕೊನೆಯ ಹೊಲದ ಇಳುವರಿ ಬೇರೆ, ಮೇಲಿನ ಹೊಲದ್ದು ಬೇರೆ. ಮನುಷ್ಯರಲ್ಲಿ ಇದು ಇನ್ನೂ ತೊಡಕು. ಮಗುವಿಗೆ ವಂಶವಾಹಿಗಳು ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ ಬರುತ್ತವೆ. ಯಾವ ಅರ್ಧ ಎಂಬುದು ಒಂದೊಂದು ಮಗುವಿಗೂ ಬೇರೆ. ಅದಕ್ಕೇ ಅಣ್ಣನಿಗೆ ಬಂದದ್ದು ತಮ್ಮನಿಗೆ ಬಾರದಿರಬಹುದು.

ನಡುವಯಸ್ಸಿನ ಮೇಲೆ ಬರುವ ಈ ಕಾಯಿಲೆಗೆ ಒಂದೇ ವಂಶವಾಹಿ ಕಾರಣವಲ್ಲ. ನೂರಾರು ಸಣ್ಣ ವ್ಯತ್ಯಾಸಗಳು ಸೇರಿ ಒಲವು ಹುಟ್ಟಿಸುತ್ತವೆ. ಅವುಗಳಲ್ಲಿ ಪ್ರಬಲವಾದ ಒಂದನ್ನು 2006ರಲ್ಲಿ ಐಸ್‌ಲೆಂಡಿನ ವಿಜ್ಞಾನಿಗಳು ಗುರುತಿಸಿದರು. ಮರುವರ್ಷವೇ ಹೈದರಾಬಾದಿನ ಸಿ.ಸಿ.ಎಂ.ಬಿ. ಮತ್ತು ಪುಣೆಯ ಕೆ.ಇ.ಎಂ. ಆಸ್ಪತ್ರೆಯವರು ನಮ್ಮ ದೇಶದವರಲ್ಲೂ ಅದರ ಪ್ರಭಾವವನ್ನು ಕಂಡರು. ಅದಿದ್ದವರ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡುವುದು ಕಡಿಮೆ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದಿದ್ದರೆ ಕಾಯಿಲೆಯ ಸಂಭವ ಸುಮಾರು ಒಂದೂವರೆ ಪಟ್ಟು, ಇಬ್ಬರಿಂದಲೂ ಬಂದಿದ್ದರೆ ಎರಡು ಪಟ್ಟಿಗೂ ಹೆಚ್ಚು. ಸಂಭವ ಎಂದೆನೇ ಹೊರತು ಖಂಡಿತ ಎನ್ನಲಿಲ್ಲ.

ವಂಶದ್ದೆಂದು ನಾವು ದೂರುವುದೆಲ್ಲ ವಂಶವಾಹಿಯದೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದು ನಡೆಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ ಮುಂದೆ ಈ ಕಾಯಿಲೆ ಹೆಚ್ಚಾಗಿ ಕಂಡಿತ್ತು. ತಾಯಿಯ ಹೊಟ್ಟೆಯಲ್ಲಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ.

ನಮ್ಮ ಹಿರಿಯರೂ ಇವೇ ವಂಶವಾಹಿಗಳನ್ನು ಹೊತ್ತವರು. ಜೋಳದ ರೊಟ್ಟಿ ತಿಂದು ಆದವಾನಿ ಪೇಟೆಗೆ ನಡೆದೇ ಹೋಗುತ್ತಿದ್ದರು. ತುಂಗಭದ್ರೆಯ ಕಾಲುವೆ ಬಂತು, ಅದರ ಹಿಂದೆ ಭತ್ತ ಬಂತು, ಟ್ರ್ಯಾಕ್ಟರು, ಮೋಟಾರು ಸೈಕಲ್ಲು ಬಂದವು. ಎರಡು ತಲೆಮಾರಿನಲ್ಲಿ ತಳಿ ಬದಲಾಗಲಿಲ್ಲ, ಬದುಕು ಬದಲಾಯಿತು.

ಚೆನ್ನೈಯಲ್ಲಿ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಮೇಲೆ ಒಂದು ಪ್ರಯೋಗ ನಡೆಯಿತು; ಅದರ ಫಲಿತಾಂಶ 2006ರಲ್ಲಿ ಹೊರಬಂತು. ಮೂರು ವರ್ಷಗಳಲ್ಲಿ, ಏನೂ ಮಾಡದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂತು. ನಡಿಗೆ, ಮಿತವಾದ ಊಟ ಪಾಲಿಸಿದವರಲ್ಲಿ 39 ಮಂದಿಗೆ. ಇಲ್ಲಿ ಬೆಲ್ಲಕ್ಕೂ ರಿಯಾಯಿತಿ ಇಲ್ಲ, ಅದೂ ಸಕ್ಕರೆಯೇ. ನಮ್ಮ ಮಾಲೆಂದು ಈ ಮಾತನ್ನು ನಾನು ಮುಚ್ಚಿಡಲಾರೆ.

ಸಂಬಂಧ ತಪ್ಪೀತೆಂದು ಕಾಯಿಲೆಯನ್ನೇ ಬಚ್ಚಿಡುವ ಮನೆಗಳಿವೆ. ಹಾಗೆ ಮಾಡಿದರೆ ನಿಮ್ಮ ಮಕ್ಕಳಿಗೆ ಎಚ್ಚರಿಕೆ ಸಿಗುವುದು ಎಲ್ಲಿಂದ? ತಂದೆಗೋ ತಾಯಿಗೋ ಇದ್ದರೆ, ಮೂವತ್ತು ದಾಟಿದ ಮಕ್ಕಳೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಲಿ. ಬರಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಮುಟ್ಟಿದ್ದರೆ ವೈದ್ಯರು ಇನ್ನೊಮ್ಮೆ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ.